ಕೊರೊನಾ ಹೋಯಿತು, ಬಾಕಿ ಹೋಗಲಿಲ್ಲ

ನಂಜನಗೂಡಿನಲ್ಲಿ ನನಗೆ ಪರಿಚಯದ ದಿನಸಿ ಅಂಗಡಿಯವರೊಬ್ಬರಿದ್ದಾರೆ. ಅವರ ಗಲ್ಲಾಪೆಟ್ಟಿಗೆಯ ಕೆಳಗೆ ಎರಡು ಸಾಲದ ಬುಕ್ಕುಗಳಿವೆ. ಒಂದು ಈಗಿನದು. ಇನ್ನೊಂದು 2020ರದು. ರಟ್ಟು ಹರಿದಿದೆ, ಮೇಲೆ ರಬ್ಬರ್ ಬ್ಯಾಂಡು ಸುತ್ತಿದ್ದಾರೆ. ಮೊನ್ನೆ ಬಸ್ಸಿಗೆ ಕಾಯುತ್ತಾ ಕೂತಿದ್ದಾಗ ಕೇಳಿದೆ: "ಇದನ್ನ ಇನ್ನೂ ಯಾಕೆ ಇಟ್ಕೊಂಡಿದ್ದೀರಿ ಯಜಮಾನರೇ, ಗುಜರಿಗೆ ಹಾಕಬಾರದಾ?"

"ಹಾಕೋದು ಹೆಂಗೆ ಸ್ವಾಮಿ? ಅದರಲ್ಲಿ ಇನ್ನೂ ಹದಿನಾಲ್ಕು ಮನೆ ಬಾಕಿ ಅದೆ. ಕೇಳಕ್ಕೆ ಬಾಯಿ ಬರಲ್ಲ. ಅವರೇನು ಮೋಸಗಾರರಲ್ಲ. ಕೆಲಸ ಹೋಯ್ತು, ಕೊಡಕ್ಕಾಗಲಿಲ್ಲ. ಈಗ ನನ್ನ ಮುಖ ನೋಡಕ್ಕೆ ನಾಚ್ಕೊಂಡು ಆ ಕಡೆ ರಸ್ತೇಲಿ ಹೋಯ್ತಾರೆ. ಬಾಕೀನೂ ಹೋಯ್ತು, ಗಿರಾಕೀನೂ ಹೋದ್ರು."

ಓದುಗ ಮಹಾಶಯರೇ, ಆರ್ಥಿಕ ಹಿಂಜರಿತ ಎಂದರೇನು ಎಂದು ಯಾರಾದರೂ ಕೇಳಿದರೆ ಈ ಬುಕ್ಕು ತೋರಿಸಿದರೆ ಸಾಕು. ರೋಗ ಬಂತು, ಹೋಯಿತು. ಅದರ ಬೆನ್ನಿಗೆ ಬಂದ ಮುಗ್ಗಟ್ಟು ಇನ್ನೂ ನಮ್ಮ ಅಂಗಡಿಗಳ ಗಲ್ಲಾ ಕೆಳಗೆ ಕೂತಿದೆ. ಇಂಥದ್ದು ಇನ್ನೊಮ್ಮೆ ಬಂದರೆ ನಾವು ತಯಾರಿದ್ದೇವೆಯೇ ಎಂಬುದೇ ಇವತ್ತಿನ ಪ್ರಶ್ನೆ.

ನೂರಕ್ಕೆ ಎಪ್ಪತ್ತಾರು

ಮೊದಲು ದೊಡ್ಡ ಲೆಕ್ಕ ನೋಡೋಣ. 2020ರ ಏಪ್ರಿಲ್‌ನಿಂದ ಜೂನ್ ವರೆಗಿನ ಮೂರು ತಿಂಗಳಲ್ಲಿ ದೇಶದ ಒಟ್ಟು ಉತ್ಪನ್ನ ಹಿಂದಿನ ವರ್ಷದ ಅದೇ ಅವಧಿಗಿಂತ ಶೇ. 23.9ರಷ್ಟು ಕುಸಿಯಿತು ಎಂದು ಕೇಂದ್ರ ಸರ್ಕಾರದ ಮೊದಲ ಅಂದಾಜೇ ಹೇಳಿತು. ಅಂದರೆ ನೂರು ರೂಪಾಯಿ ವ್ಯವಹಾರ ನಡೆಯುತ್ತಿದ್ದ ಕಡೆ ಎಪ್ಪತ್ತಾರು ರೂಪಾಯಿ ನಡೆಯಿತು. ಮುಂದಿನ ಮೂರು ತಿಂಗಳೂ ಇಳಿಕೆಯೇ. ಹೀಗೆ ಎರಡು ತ್ರೈಮಾಸಿಕ ಒಂದರ ಹಿಂದೊಂದು ಇಳಿದರೆ ಅದಕ್ಕೆ ಹಿಂಜರಿತ ಎಂದು ಹೆಸರು. ಇಡೀ 2020-21ರ ವರ್ಷಕ್ಕೆ ಲೆಕ್ಕ ತಿದ್ದಿ ತಿದ್ದಿ ಕೊನೆಗೆ ಶೇ. 5.8ರ ಕುಸಿತಕ್ಕೆ ತಂದು ನಿಲ್ಲಿಸಿದರು. 2020ರ ಏಪ್ರಿಲ್ ಒಂದೇ ತಿಂಗಳಲ್ಲಿ ದೇಶದಲ್ಲಿ 12 ಕೋಟಿಗೂ ಮೇಲ್ಪಟ್ಟು ಜನ ಕೆಲಸ ಕಳೆದುಕೊಂಡರು ಎಂದು ಸಿಎಂಐಇ ಎಂಬ ಸಮೀಕ್ಷಾ ಸಂಸ್ಥೆ ಅಂದಾಜು ಮಾಡಿತು.

ಆದರೆ ಶೇಕಡಾವಾರು ಲೆಕ್ಕ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ತಿಂಗಳ ಸಂಬಳದವನಿಗೆ ಐದಾರು ರೂಪಾಯಿ ಕಡಿಮೆಯಾದರೆ ದಿನಗೂಲಿಯವನಿಗೆ ನೂರಕ್ಕೆ ನೂರೂ ಹೋಗುತ್ತದೆ. ಸರಾಸರಿ ನೋಡಿದರೆ ಎಲ್ಲರೂ ಬದುಕಿದ್ದಂತೆ ಕಾಣುತ್ತದೆ.

ಮೊದಲ ಪೆಟ್ಟು ನಂಜನಗೂಡಿಗೇ

ನಮ್ಮ ಜಿಲ್ಲೆಯಲ್ಲಿ ಇದರ ಮೊದಲ ಪೆಟ್ಟು ತಿಂದ ಊರು ನಂಜನಗೂಡು. ದೇಶಕ್ಕೆ ಲಾಕ್‌ಡೌನ್ ಬಂದದ್ದು 2020ರ ಮಾರ್ಚ್ 25ಕ್ಕೆ. ಮರುದಿನವೇ ಇಲ್ಲಿನ ಔಷಧ ಕಾರ್ಖಾನೆಯ ನೌಕರರೊಬ್ಬರಿಗೆ ಸೋಂಕು ಎಂಬ ಸುದ್ದಿ ಬಂತು. ಅಲ್ಲಿಂದ ಒಬ್ಬರಾದ ಮೇಲೊಬ್ಬರಿಗೆ ಹಬ್ಬಿ, ನೂರಾರು ಕಾರ್ಮಿಕರು ಮನೆಯೊಳಗೇ ಬಂದಿಯಾದರು. ಊರಿಗೆ ಊರೇ ಬೀಗ. "ನಂಜನಗೂಡಿನವರು" ಅಂದರೆ ಜನ ಮಾರು ದೂರ ಸರಿಯುತ್ತಿದ್ದ ಕಾಲ ಅದು.

ಬಟ್ಟೆ ಗಿರಣಿ ಬಾಗಿಲೆಳೆದರೆ ಏನಾಗುತ್ತದೆ ಎಂಬುದನ್ನು ನಂಜನಗೂಡು ಮೊದಲೇ ಕಂಡಿತ್ತು. ಈ ಸಲ ಗಿರಣಿ, ಹೋಟೆಲು, ಗುಡಿ, ಬಸ್ಸು ಎಲ್ಲವೂ ಒಟ್ಟಿಗೆ ನಿಂತವು. ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವವರಲ್ಲಿ ಎರಡು ಜಾತಿ. ಕಂಪನಿಯ ಪುಸ್ತಕದಲ್ಲಿ ಹೆಸರಿರುವವರು ಒಂದು, ಕಂಟ್ರಾಕ್ಟುದಾರನ ಪುಸ್ತಕದಲ್ಲಿ ಇರುವವರು ಇನ್ನೊಂದು. ಮೊದಲನೆಯವರಿಗೆ ಅರ್ಧವೋ ಮುಕ್ಕಾಲೋ ಸಂಬಳ ಬಂತು. ಎರಡನೆಯವರಿಗೆ "ಫೋನ್ ಮಾಡ್ತೀವಿ" ಎಂಬ ಮಾತು ಬಂತು. ಎಷ್ಟೋ ಮಂದಿಗೆ ಆ ಫೋನು ಬರಲೇ ಇಲ್ಲ. ನಮ್ಮ ಯಜಮಾನರ ಹಳೇ ಬುಕ್ಕಿನ ಹದಿನಾಲ್ಕು ಮನೆಗಳಲ್ಲಿ ಹನ್ನೊಂದು ಇಂಥವೇ.

ಒಂದು ನೂರರ ನೋಟಿನ ಕಥೆ

ಕಾರ್ಖಾನೆಯ ಕೂಲಿ ನಿಂತರೆ ಅಂಗಡಿಯವನಿಗೇನು ಎಂದು ಕೇಳುವವರಿದ್ದಾರೆ. ಅವರಿಗಾಗಿ ಒಂದು ನೂರು ರೂಪಾಯಿ ನೋಟಿನ ಹಿಂದೆ ಹೋಗೋಣ.

ಶನಿವಾರ ಬಟವಾಡೆಯಾಗಿ ಈ ನೋಟು ಕಾರ್ಮಿಕನ ಜೇಬಿಗೆ ಬರುತ್ತದೆ. ಅವನ ಮನೆಯಾಕೆ ಅದನ್ನು ದಿನಸಿ ಅಂಗಡಿಗೆ ಕೊಡುತ್ತಾಳೆ. ಅಂಗಡಿಯವರು ಅದನ್ನು ಮೂಟೆ ಹೊತ್ತ ಹಮಾಲಿಗೆ ಕೊಡುತ್ತಾರೆ. ಹಮಾಲಿ ಕ್ಷೌರದ ಅಂಗಡಿಗೆ ಹೋಗುತ್ತಾನೆ. ಕ್ಷೌರದವನು ಮಗಳಿಗೆ ನೋಟ್ ಪುಸ್ತಕ ಕೊಳ್ಳುತ್ತಾನೆ. ಪುಸ್ತಕದಂಗಡಿಯವನು ಸಂಜೆ ದೇವರಿಗೆಂದು ಹೂವು, ಕಾಯಿ ಕೊಳ್ಳುತ್ತಾನೆ. ಹೂವಿನಾಕೆ ಆ ಕಾಸಿನಲ್ಲಿ ಬಸ್ ಟಿಕೆಟ್ ತೆಗೆದುಕೊಂಡು ಊರು ಸೇರುತ್ತಾಳೆ. ನೋಟು ಒಂದೇ, ಊಟ ಮಾಡಿದ ಮನೆ ಆರೇಳು. ದಾರಿಯಲ್ಲಿ ಸರ್ಕಾರಕ್ಕೂ ಅಲ್ಲಿಷ್ಟು ಇಲ್ಲಿಷ್ಟು ತೆರಿಗೆ ಬಿತ್ತು.

ಈಗ ಮೊದಲ ಬಟವಾಡೆ ನಿಲ್ಲಿಸಿ ನೋಡಿ. ಕಳೆದದ್ದು ಒಂದು ನೂರು ರೂಪಾಯಿ ಅಲ್ಲ, ಆರೇಳು ನೂರು. ಒಬ್ಬನ ಖರ್ಚೇ ಇನ್ನೊಬ್ಬನ ವರಮಾನ. ಇದನ್ನು ಅರ್ಥಶಾಸ್ತ್ರಜ್ಞರು ಬಂದು ಹೇಳಬೇಕಾಗಿಲ್ಲ, ಪ್ರತಿ ಅಂಗಡಿಯವನಿಗೂ ಗೊತ್ತು.

ನಂಜನಗೂಡಿನ ವರ್ಷದ ದೊಡ್ಡ ವ್ಯಾಪಾರ ಶ್ರೀಕಂಠೇಶ್ವರನ ದೊಡ್ಡ ಜಾತ್ರೆ. ಐದು ತೇರು ಎಳೆಯುವ ಆ ದಿನಗಳ ಗಿರಾಕಿಯನ್ನೇ ನಂಬಿ ಬಳೆಯವರು, ಕಡ್ಲೆಪುರಿಯವರು, ಪಾತ್ರೆಯವರು ಮುಂಗಡ ಸರಕು ತರುತ್ತಾರೆ. 2020ರಲ್ಲಿ ಜಾತ್ರೆಯೇ ನಡೆಯಲಿಲ್ಲ. ತಂದ ಸರಕಿನ ಬಡ್ಡಿ ಮಾತ್ರ ನಡೆಯಿತು. ತಿ. ನರಸೀಪುರದಲ್ಲಿ ಮೂರು ವರ್ಷಕ್ಕೊಮ್ಮೆ ತ್ರಿವೇಣಿ ಸಂಗಮದಲ್ಲಿ ಕುಂಭಮೇಳ. 2019ರಲ್ಲಿ ಆಗಿತ್ತು. 2022ರದು ತಪ್ಪಿಹೋಯಿತು. ಮತ್ತೆ ಮೇಳ ಕಂಡದ್ದು 2025ರ ಫೆಬ್ರವರಿಯಲ್ಲಿ. ಆರು ವರ್ಷ ಸಂಗಮದ ದಡದ ಸಣ್ಣ ವ್ಯಾಪಾರಿ ಕಾದ.

ಹುಳಕ್ಕೆ ಲಾಕ್‌ಡೌನ್ ಗೊತ್ತಾ?

ನರಸೀಪುರದ ಬಸ್ಸಿನಲ್ಲಿ ಪಕ್ಕ ಕೂತ ರೈತರೊಬ್ಬರು ರೇಷ್ಮೆಯ ಕಥೆ ಹೇಳಿದರು. "ಹುಳಕ್ಕೆ ಲಾಕ್‌ಡೌನ್ ಗೊತ್ತಾ ಸ್ವಾಮಿ? ನಾಲ್ಕನೇ ಜ್ವರ ಎದ್ದ ಮೇಲೆ ಸೊಪ್ಪು ಹಾಕ್ಲೇಬೇಕು. ಗೂಡು ಕಟ್ಟಿದ ಮೇಲೆ ಮಾರ್ಲೇಬೇಕು. ಇಟ್ಕೊಂಡ್ರೆ ಚಿಟ್ಟೆ ತೂತು ಮಾಡ್ಕೊಂಡು ಹಾರೋಯ್ತದೆ. ಕೇಳಿದ ರೇಟಿಗೆ ಕೊಟ್ಟು ಬಂದೆ. ಚಾರ್ಜಿಗೂ ಹುಟ್ಟಲಿಲ್ಲ."

ಮದುವೆಗೆ ಐವತ್ತೇ ಜನ ಎಂದು ಸರ್ಕಾರ ಹೇಳಿದಾಗ ಅದು ರೋಗ ತಡೆಗೆ ಸರಿಯೇ ಇರಬಹುದು. ಆದರೆ ಮದುವೆ ನಿಂತರೆ ಸೀರೆ ನಿಂತಿತು, ಸೀರೆ ನಿಂತರೆ ಮಗ್ಗ, ಮಗ್ಗ ನಿಂತರೆ ನೂಲು, ನೂಲು ನಿಂತರೆ ಗೂಡು, ಗೂಡು ನಿಂತರೆ ಹಿಪ್ಪುನೇರಳೆ ತೋಟದ ಕೂಲಿಯಾಳು. ಮೈಸೂರು ಸಿಲ್ಕ್ ಸೀರೆಗೆ ನೂಲು ತೆಗೆಯುವ ಸರ್ಕಾರಿ ಕಾರ್ಖಾನೆ ನರಸೀಪುರದಲ್ಲೇ ಇದೆ. ಆ ಊರಿಗೆ ಈ ಸರಪಳಿಯನ್ನು ಬಿಡಿಸಿ ಹೇಳಬೇಕಾದ್ದಿಲ್ಲ.

ಈ ಅನುಭವ ಹೊಸದೂ ಅಲ್ಲ. 1929ರಲ್ಲಿ ಅಮೆರಿಕದಲ್ಲಿ ಷೇರು ಪೇಟೆ ಬಿದ್ದು ಜಗತ್ತೇ ಮುಗ್ಗರಿಸಿದಾಗ ಮೈಸೂರು ಸಂಸ್ಥಾನದ ರೇಷ್ಮೆಯೂ ನೆಲ ಕಚ್ಚಿತು. ಜಪಾನ್, ಚೀನಾಗಳ ಅಗ್ಗದ ರೇಷ್ಮೆ ಬಂದು ಸುರಿಯಿತು. ಕಡೆಗೆ 1934ರಲ್ಲಿ ಆಮದು ರೇಷ್ಮೆಯ ಮೇಲೆ ರಕ್ಷಣಾ ಸುಂಕ ಹಾಕಿದ ಮೇಲೆ ಉಸಿರಾಡಿತು. ಅದೇ ಕೆಟ್ಟ ಕಾಲದಲ್ಲಿ ಮೈಸೂರಿನ ಅರಸರು, ದಿವಾನ್ ಮಿರ್ಜಾ ಇಸ್ಮಾಯಿಲರು ಏನು ಮಾಡಿದರು? ಖಜಾನೆಯ ಬಾಗಿಲು ಜಡಿದು ಕೂರಲಿಲ್ಲ. ಇರ್ವಿನ್ ನಾಲೆಯ ಕೆಲಸ ನಡೆಸಿ ಮಂಡ್ಯದ ಹೊಲಗಳಿಗೆ ನೀರು ಹರಿಸಿದರು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಕಟ್ಟಿದರು. ಕೂಲಿಗೆ ಕೆಲಸ ಸಿಕ್ಕಿತು, ಕಬ್ಬಿಗೆ ಗಿರಾಕಿ ಸಿಕ್ಕಿತು. ಅದಕ್ಕೂ ಹಿಂದೆ, 1876ರಿಂದ 78ರ ಧಾತು ಈಶ್ವರ ಬರದಲ್ಲಿ ಲಕ್ಷಗಟ್ಟಲೆ ಜನ ಸತ್ತ ಮೇಲೆ ಬೆಂಗಳೂರು-ಮೈಸೂರು ರೈಲು ದಾರಿಯ ಕೆಲಸವನ್ನು ಬರ ಕಾಮಗಾರಿಯಾಗಿ ನಡೆಸಲಾಯಿತು. ಆ ದಾರಿಯೇ ಮುಂದೆ ನಂಜನಗೂಡಿನ ತನಕ ಬಂತು. ಕಷ್ಟ ಕಾಲದಲ್ಲಿ ಸರ್ಕಾರ ಮಾಡಿದ ಖರ್ಚು ನೂರು ವರ್ಷ ದುಡಿದದ್ದಕ್ಕೆ ಇದೇ ಸಾಕ್ಷಿ.

ಬೊಕ್ಕಸದ ಪಾಡು

ಈಗಿನ ಸರ್ಕಾರಗಳ ಪಾಡು ಏನಾಯಿತು? 2020ರ ಮಾರ್ಚ್ 5ರಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು 2,37,893 ಕೋಟಿ ರೂಪಾಯಿಯ ಆಯವ್ಯಯ ಮಂಡಿಸಿದರು. ಇಪ್ಪತ್ತು ದಿನದಲ್ಲಿ ಅದು ಕಾಗದವಾಯಿತು. ವ್ಯಾಪಾರವಿಲ್ಲದೆ ಜಿಎಸ್‌ಟಿ ಇಲ್ಲ, ನೋಂದಣಿ ಇಲ್ಲ, ವಾಹನ ಮಾರಾಟವಿಲ್ಲ. ರಾಜ್ಯದ ಉತ್ಪನ್ನದ ಶೇ. 3ರಷ್ಟು ಮಾತ್ರ ಸಾಲ ಮಾಡಬಹುದೆಂಬ ಕಾನೂನನ್ನು ಆ ವರ್ಷಕ್ಕೆ ಶೇ. 5ಕ್ಕೆ ಏರಿಸಿಕೊಂಡರು.

ಸಾಲ ಮಾಡಿದ್ದು ತಪ್ಪಲ್ಲ. ಮನೆಯಲ್ಲಿ ರೋಗಿ ಇದ್ದಾಗ ಸಾಲ ಮಾಡದಿದ್ದರೆ ಇನ್ನಾವಾಗ ಮಾಡೋದು? ತಪ್ಪಿದ್ದು ಬೇರೆ ಕಡೆ. ಸುಲಭಕ್ಕೆ ಸಿಗುವ ಜೇಬಿಗೇ ಕೈ ಹಾಕಿದರು.

ಮೇ 4ರಂದು ಮದ್ಯದಂಗಡಿ ತೆರೆದರು. ಬಜೆಟ್ಟಿನಲ್ಲಿ ಏರಿಸಿದ್ದ ಶೇ. 6ರ ಸುಂಕದ ಮೇಲೆ ಇನ್ನೂ ಶೇ. 11 ಹಾಕಿದರು. ಆ ವರ್ಷ ಅಬ್ಕಾರಿಯ ಗುರಿ 22,700 ಕೋಟಿ. ಉಳಿದ ಬಾಬ್ತುಗಳು ಬಿದ್ದರೂ ಇದು ಮಾತ್ರ ಗುರಿ ಮುಟ್ಟಿತು! ಕೂಲಿ ಇಲ್ಲದ ವರ್ಷದಲ್ಲಿ ಈ ಹಣ ಯಾರ ಮನೆಯ ಅಕ್ಕಿ ಡಬ್ಬದಿಂದ ಬಂತು ಎಂದು ಹೆಣ್ಣುಮಕ್ಕಳನ್ನು ಕೇಳಿ.

ಕೇಂದ್ರದವರೂ ಹಿಂದೆ ಬೀಳಲಿಲ್ಲ. ಜಗತ್ತಿನಲ್ಲಿ ಕಚ್ಚಾ ತೈಲದ ಬೆಲೆ ಪಾತಾಳಕ್ಕಿಳಿದಿದ್ದಾಗ, ಅದೇ ಮೇ ತಿಂಗಳಲ್ಲಿ ಒಂದೇ ರಾತ್ರಿ ಪೆಟ್ರೋಲಿನ ಮೇಲೆ ಲೀಟರಿಗೆ 10 ರೂಪಾಯಿ, ಡೀಸೆಲ್ಲಿನ ಮೇಲೆ 13 ರೂಪಾಯಿ ಸುಂಕ ಏರಿಸಿದರು. 2021ರ ಜೂನ್ ಹೊತ್ತಿಗೆ ರಾಜ್ಯದಲ್ಲಿ ಪೆಟ್ರೋಲು ನೂರು ದಾಟಿತು. ಆ ವರ್ಷ ದೀಪಾವಳಿಗೆ ಒಂದಿಷ್ಟು ಇಳಿಸಿದರು. ಅಷ್ಟರಲ್ಲಿ ಟೊಮೊಟೊ ಸಾಗಿಸುವ ಗೂಡ್ಸ್ ಆಟೋದವನು ಬಾಡಿಗೆ ಏರಿಸಿಯಾಗಿತ್ತು.

ಇನ್ನು ಉಳಿತಾಯ ಎಲ್ಲಿ ಮಾಡಿದರು? 2020ರ ಜುಲೈನಲ್ಲಿ ಆ ವರ್ಷದ ನೇರ ನೇಮಕಾತಿಗೆ ತಡೆ ಹಾಕಿದರು. ಪರೀಕ್ಷೆಗೆ ಓದಿ ಓದಿ ಕಣ್ಣು ಮಂಜಾದ ಹುಡುಗ-ಹುಡುಗಿಯರ ಒಂದು ವರ್ಷ ಹಾಳು. ಎಷ್ಟೋ ಜನರ ವಯೋಮಿತಿಯೇ ಮುಗಿಯಿತು. ನೌಕರರ ತುಟ್ಟಿಭತ್ಯೆಯನ್ನು 2021ರ ಜೂನ್ ವರೆಗೆ ತಡೆದರು. ಕಾರ್ಖಾನೆಗಳಲ್ಲಿ ದಿನಕ್ಕೆ ಹತ್ತು ಗಂಟೆ ದುಡಿಸಬಹುದೆಂದು 2020ರ ಮೇ 22ರಂದು ಆದೇಶ ಮಾಡಿದರು. ಹೈಕೋರ್ಟು ಪ್ರಶ್ನಿಸಿದ ಮೇಲೆ ಜೂನ್‌ನಲ್ಲಿ ವಾಪಸು ಪಡೆದರು.

ಬಸ್ಸಿನ ವಿಷಯ ಪ್ರಯಾಣಿಕರೇ ಬಲ್ಲರು. ಸಾರಿಗೆ ಬಸ್ಸು ಎರಡು ತಿಂಗಳು ನಿಂತು 2020ರ ಮೇ 19ಕ್ಕೆ ಹೊರಟಾಗ ಒಂದು ಬಸ್ಸಿಗೆ ಮೂವತ್ತೇ ಜನ. ಡೀಸೆಲ್ ದುಬಾರಿ, ಟಿಕೆಟ್ ಹಣ ಅರ್ಧ. ಸಂಬಳದ ಹೊರೆ ಸರ್ಕಾರದ ಹೆಗಲಿಗೆ ಬಿತ್ತು. ನೌಕರರ ಅಸಮಾಧಾನ ಒಡೆದು 2020ರ ಡಿಸೆಂಬರ್‌ನಲ್ಲಿ ಒಮ್ಮೆ, 2021ರ ಏಪ್ರಿಲ್ 7ರಿಂದ ಎರಡು ವಾರ ಇನ್ನೊಮ್ಮೆ ಮುಷ್ಕರ. ಕೆಲಸ ಸಿಕ್ಕವನಿಗೂ ಕೆಲಸಕ್ಕೆ ಹೋಗಲು ಬಸ್ಸಿಲ್ಲ.

ಸಿಕ್ಕವರಿಗೆ ಸಿಕ್ಕಿತು

ಪರಿಹಾರ ಕೊಡಲೇ ಇಲ್ಲ ಎಂದು ಹೇಳಿದರೆ ಅನ್ಯಾಯವಾದೀತು. 2020ರ ಮೇ 6ರಂದು ರಾಜ್ಯ ಸರ್ಕಾರ 1,610 ಕೋಟಿಯ ಪ್ಯಾಕೇಜು ಪ್ರಕಟಿಸಿತು. ಆಟೋ-ಟ್ಯಾಕ್ಸಿ ಚಾಲಕರಿಗೆ, ಕ್ಷೌರದವರಿಗೆ, ಮಡಿವಾಳರಿಗೆ ತಲಾ 5,000 ರೂಪಾಯಿ, ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ. ಕಟ್ಟಡ ಕಾರ್ಮಿಕರಿಗೆ ಮೊದಲು ಕೊಟ್ಟ 2,000ದ ಜೊತೆಗೆ ಇನ್ನೂ 3,000. ಪಡಿತರದಲ್ಲಿ ತಲೆಗೆ ಐದು ಕಿಲೋ ಹೆಚ್ಚುವರಿ ಧಾನ್ಯ ಬಂತು. ಉದ್ಯೋಗ ಖಾತ್ರಿ ಕೂಲಿ ಆ ವರ್ಷ ನಮ್ಮ ರಾಜ್ಯದಲ್ಲಿ 275 ರೂಪಾಯಿ. ಪೇಟೆಯಲ್ಲಿ ಕೆಲಸ ಬಿಟ್ಟು ಬಂದವರೂ ಗುದ್ದಲಿ ಹಿಡಿದರು. ದೇಶದಲ್ಲಿ ಏಳೂವರೆ ಕೋಟಿ ಕುಟುಂಬಗಳು ಆ ವರ್ಷ ಖಾತ್ರಿ ಕೆಲಸ ಮಾಡಿದವು. ಅಂಗಡಿಗಳಲ್ಲಿ ಅಷ್ಟಾದರೂ ವ್ಯಾಪಾರ ಉಳಿದದ್ದು ಈ ಕೂಲಿಯಿಂದ.

ಆದರೆ ನೋಡಿ, ಪರಿಹಾರ ಸಿಕ್ಕಿದ್ದು ಕಾರ್ಡು ಇದ್ದವರಿಗೆ. ಆಟೋದವನಿಗೆ ಬ್ಯಾಡ್ಜು ಬೇಕು, ಲೈಸೆನ್ಸು ಬೇಕು, ಸೇವಾಸಿಂಧುವಿನಲ್ಲಿ ಅರ್ಜಿ ಬೇಕು. ಕಟ್ಟಡದವನಿಗೆ ಮಂಡಳಿಯ ಕಾರ್ಡು ಬೇಕು. ಕಂಟ್ರಾಕ್ಟು ಕೂಲಿಗೆ, ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗನಿಗೆ, ಗುಡಿ ಮುಂದೆ ಹೂವು ಕಾಯಿ ಮಾರುವಾಕೆಗೆ ಯಾವ ಕಾರ್ಡು? ಅವರ ಪಾಲಿನ ಪರಿಹಾರವೆಂದರೆ ಹೆಂಡತಿಯ ಕಿವಿಯ ಓಲೆ. ಚಿನ್ನ ಅಡವಿಟ್ಟರೆ ಬೆಲೆಯ ಶೇ. 75ರ ಬದಲು ಶೇ. 90ರ ತನಕ ಸಾಲ ಕೊಡಬಹುದೆಂದು ರಿಸರ್ವ್ ಬ್ಯಾಂಕು 2020ರ ಆಗಸ್ಟ್‌ನಲ್ಲಿ ಬ್ಯಾಂಕುಗಳಿಗೆ ಅನುಮತಿ ಕೊಟ್ಟಿತು. ಬಡವನ ಮಾಂದ್ಯ ಪರಿಹಾರ ನಿಧಿ ಅವನ ಮನೆಯಾಕೆಯ ಮೈಮೇಲೆ ಇದೆ ಎಂದು ದೊಡ್ಡವರಿಗೂ ಗೊತ್ತಿತ್ತು ಅನ್ನಿ! ಕಂತು ಕಟ್ಟಲು ಆರು ತಿಂಗಳು ವಿನಾಯಿತಿ ಕೊಟ್ಟರು. ಅಸಲು ಮುಂದಕ್ಕೆ ಹೋಯಿತು, ಬಡ್ಡಿ ಮಾತ್ರ ಓಡುತ್ತಲೇ ಇತ್ತು.

ದುಡ್ಡೆಲ್ಲಿಂದ?

"ಎಲ್ಲರಿಗೂ ಕೊಡುತ್ತಾ ಹೋದರೆ ಸರ್ಕಾರ ದಿವಾಳಿಯಾಗಲ್ಲವಾ?" ಎಂದು ಬಸ್ಸಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಕೇಳಿದರು. ನ್ಯಾಯವಾದ ಪ್ರಶ್ನೆ. ಈಗ ಗ್ಯಾರಂಟಿ ಯೋಜನೆಗಳಿಗೇ ವರ್ಷಕ್ಕೆ 50 ಸಾವಿರ ಕೋಟಿಗೂ ಮೇಲೆ ಹೋಗುತ್ತಿದೆ. 2023ರ ಆಗಸ್ಟ್‌ನಲ್ಲಿ ಮೈಸೂರಿನಲ್ಲೇ ಶುರುವಾದ ಗೃಹಲಕ್ಷ್ಮಿಯ ಎರಡು ಸಾವಿರ ಅಂಗಡಿಗೇ ವಾಪಸು ಬರುತ್ತದೆ ಎಂಬುದು ನಿಜ. ಹಾಗೆಂದು ಒಳ್ಳೇ ಕಾಲದಲ್ಲಿ ಇದ್ದದ್ದೆಲ್ಲಾ ಬಳಿದು ಖರ್ಚು ಮಾಡಿದರೆ ಕೆಟ್ಟ ಕಾಲಕ್ಕೆ ಏನಿರುತ್ತದೆ ಎಂಬುದೂ ನಿಜ.

ನನ್ನ ಉತ್ತರ ಇಷ್ಟೇ. ಒಂದು ಮನೆಯವರು ಕೈ ಬಿಗಿ ಹಿಡಿದರೆ ಜಾಣತನ. ಎಲ್ಲಾ ಮನೆಯವರೂ ಒಟ್ಟಿಗೆ ಕೈ ಬಿಗಿ ಹಿಡಿದರೆ ಅಂಗಡಿ ಮುಚ್ಚುತ್ತದೆ. ಆ ಹೊತ್ತಿನಲ್ಲಿ ಸರ್ಕಾರವೂ ಕೈ ಬಿಗಿ ಹಿಡಿದರೆ ಊರೇ ಮುಚ್ಚುತ್ತದೆ. ಸುಗ್ಗಿಯಲ್ಲಿ ಕಣಜ ತುಂಬಿಸಿ, ಬರದಲ್ಲಿ ತೆಗೆಯುವುದು ರೈತನ ಬುದ್ಧಿ. ನಮ್ಮ ಸರ್ಕಾರಗಳದು ತಿರುಗುಮುರುಗು. ಸುಗ್ಗಿಯಲ್ಲಿ ಹಬ್ಬ, ಬರದಲ್ಲಿ ಉಪವಾಸ.

ಮನೆಗೆ ಬೆಂಕಿ ಬೀಳುವ ಮುನ್ನ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ. ಹಾಗಾಗಬಾರದು ಎಂದರೆ ಈಗಲೇ ಮಾಡಬೇಕಾದ್ದು ನಾಲ್ಕೇ ಕೆಲಸ.

ಒಂದು, ನಂಜನಗೂಡು ನಗರಸಭೆ, ನರಸೀಪುರ ಪುರಸಭೆ ಮತ್ತು ಎಲ್ಲಾ ಪಂಚಾಯ್ತಿಗಳು ಕಾರ್ಡಿಲ್ಲದ ದುಡಿಮೆಗಾರರ ಪಟ್ಟಿ ಮಾಡಿ, ಸೂಚನಾ ಫಲಕದಲ್ಲಿ ಹಾಕಿ, ವರ್ಷಕ್ಕೊಮ್ಮೆ ತಿದ್ದಬೇಕು. 2021ರ ಆಗಸ್ಟ್‌ನಲ್ಲಿ ಬಂದ ಇ-ಶ್ರಮ್ ಕಾರ್ಡು ಹಲವರ ಜೇಬಿನಲ್ಲಿದೆ. ಸಂಕಟ ಬಂದ ವಾರದಲ್ಲೇ ಆ ಕಾರ್ಡಿಗೆ ಹಣ ಬರುವ ಏರ್ಪಾಡು ಮಾಡಿದರೆ ಅದಕ್ಕೆ ಅರ್ಥ.

ಎರಡು, ಸರ್ಕಾರ ತಾನು ಕೊಡಬೇಕಾದ್ದನ್ನು ಮೊದಲು ಕೊಡಲಿ. ಬಿಸಿಯೂಟದ ಅಡುಗೆಯವರ ಗೌರವಧನ, ಪೌರಕಾರ್ಮಿಕರ ಸಂಬಳ, ಸಣ್ಣ ಕಂಟ್ರಾಕ್ಟುದಾರನ ಬಿಲ್ಲು, ಹಳ್ಳಿಯ ಕೂಲಿ. ಇವು ತಡವಾದರೆ ಅದೂ ಒಂದು ಮಾಂದ್ಯವೇ.

ಮೂರು, ಸರ್ಕಾರದ ಆದೇಶದಿಂದಲೇ ಅಂಗಡಿ ಮುಚ್ಚಿದ ದಿನಗಳಿಗೆ ನಗರಸಭೆ, ಪುರಸಭೆ ಮಳಿಗೆಗಳ ಬಾಡಿಗೆ ತಾನಾಗಿಯೇ ಮನ್ನಾ ಆಗುವಂತೆ ನಿಯಮವಾಗಲಿ. ಅರ್ಜಿ ಹಿಡಿದು ಅಲೆಯುವಂತಾಗಬಾರದು.

ನಾಲ್ಕು, ಒಳ್ಳೇ ವರ್ಷದ ವರಮಾನದಲ್ಲಿ ಒಂದು ಪಾಲನ್ನು ಕೆಟ್ಟ ವರ್ಷಕ್ಕೆಂದು ತೆಗೆದಿಡುವ ಕಾನೂನು ಬರಲಿ. ಬಾಟಲಿ, ಪೆಟ್ರೋಲು ಎರಡನ್ನೇ ನಂಬಿದ ಖಜಾನೆ ಬಡವನ ಜೇಬಿನಿಂದಲೇ ತುಂಬಬೇಕಾಗುತ್ತದೆ.

ಈ ಎರಡು ತಾಲ್ಲೂಕಿನ ಶಾಸಕರು, ಸದಸ್ಯರು, ಅಧಿಕಾರಿಗಳು ಮುಂದಿನ ಸಭೆಯಲ್ಲಿ ಈ ನಾಲ್ಕರಲ್ಲಿ ಮೊದಲನೆಯದನ್ನಾದರೂ ಎತ್ತಿಕೊಳ್ಳುವರೇ? ಪಟ್ಟಿ ಮಾಡಲು ಬೆಂಗಳೂರಿನ ಅಪ್ಪಣೆ ಬೇಕಿಲ್ಲ, ದೊಡ್ಡ ದುಡ್ಡೂ ಬೇಕಿಲ್ಲ.

ಬಸ್ಸು ಬಂತೆಂದು ನಾನು ಎದ್ದೆ. ಯಜಮಾನರು ಹಳೇ ಬುಕ್ಕಿಗೆ ರಬ್ಬರ್ ಬ್ಯಾಂಡು ಸುತ್ತಿ ಮತ್ತೆ ಗಲ್ಲಾ ಕೆಳಗೆ ಇಟ್ಟರು. "ಆ ಹದಿನಾಲ್ಕು ಮನೆಯವರಿಗೆ ಯಾರಾದ್ರೂ ಹೇಳಿ ಸ್ವಾಮಿ" ಅಂದರು. "ಬಾಕಿ ಕೊಡದೇ ಇದ್ರೂ ಚಿಂತೆ ಇಲ್ಲ, ಅಂಗಡಿಗೆ ಬರಲಿ."

ಇದೋ, ಹೇಳಿದ್ದೇನೆ.